ಕೂತವರ ನಡಕ್ಕೆ ರಿವಾಲ್ವರಿನ ಒರೆ

ಈ ವರ್ಷ ಶ್ರಾವಣಕ್ಕೆ ಮುಂಚೆ ನಾನು ಹೊಲಿಗೆ ಬಿಟ್ಟೆ. ಯಾದಗಿರಿಯಲ್ಲಿ ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ಸೂಜಿಯ ಕಣ್ಣು ಮಾತ್ರ ಕಾಣುವುದಿಲ್ಲ. ದೇವರು ಇಷ್ಟಾದರೂ ಕೊಟ್ಟ, ತಕರಾರಿಲ್ಲ. ಮಷೀನಿನ ಮುಂದೆ ಈಗ ಸೊಸೆ ರೇಣುಕಾ ಕೂಡುತ್ತಾಳೆ. ಓಣಿಯ ಹೆಣ್ಣುಮಕ್ಕಳು ಕೆಲವರು ಅವಳ ಹತ್ತಿರ ಕಲಿಯಲು ಬರುತ್ತಾರೆ. ಸೀಟು ಕವರು ಹೊಲಿಯುವುದನ್ನು ನೋಡಿಯೇ ಕಲಿಯಬಹುದು. ರಿವಾಲ್ವರಿನ ಒರೆಯ ಕೆಲಸವನ್ನು ಹೇಳಿಕೊಡಬೇಕು. ನಾನು ಮೊದಲು ಹೊಲಿದಾಗ ಹೇಳಿಕೊಡುವವರು ಯಾರೂ ಇರಲಿಲ್ಲ, ಅದರಿಂದಾಗಿ ಒಬ್ಬ ಮನುಷ್ಯನ ನೌಕರಿ ಹೋಗುವುದರಲ್ಲಿತ್ತು. ಅದನ್ನು ಬರೆದಿಟ್ಟರೆ ಈ ಹುಡುಗಿಯರಿಗೆ ಉಪಯೋಗವಾದೀತು.

ನಾನು ಮನೆವಾರ್ತೆ ನೋಡಿಕೊಂಡವಳು. ರೊಟ್ಟಿ ಬಡಿದು, ದೇವರ ಪೂಜೆ ಮುಗಿಸಿ, ಮಿಕ್ಕ ಹೊತ್ತಿನಲ್ಲಿ ಹೊಲಿಯುತ್ತಿದ್ದೆ. ನಮ್ಮ ಮನೆಯವರದು ಶಹಾಪುರದಲ್ಲಿ ಸುರಪುರದ ರಸ್ತೆಗೆ ಕುಶನ್ ಅಂಗಡಿ. ಜೀಪು, ಟಂಟಂ, ಟ್ರ್ಯಾಕ್ಟರು, ಯಾವ ಗಾಡಿಯಾದರೂ ಸರಿ, ಅವರು ಸೀಟಿನ ಕಬ್ಬಿಣ ಸರಿಮಾಡಿ ಸ್ಪಂಜು ಕೂರಿಸುತ್ತಿದ್ದರು, ನಾನು ಮೇಲಿನ ಬಟ್ಟೆ ಹೊಲಿಯುತ್ತಿದ್ದೆ. ಅಂಗಡಿಯ ಹಿಂದೆಯೇ ಮನೆ. ಒಲೆಯ ಮೇಲಿನ ಬೇಳೆ ಉಕ್ಕಿದರೆ ಮಷೀನಿಗೇ ವಾಸನೆ ಬರುತ್ತಿತ್ತು. ಇಂಥ ಅನುಕೂಲ ಎಷ್ಟು ಹೆಂಗಸರಿಗೆ ಉಂಟು?

ಒಂದು ದಿನ ಭೀಮರಾಯ ಬಂದರು. ಸುರಪುರದ ಕಡೆಯವರು, ಫೌಜಿನಿಂದ ನಿವೃತ್ತರಾಗಿ ಬಂದವರು. ಬ್ಯಾಂಕಿನ ಮಷೀನುಗಳಿಗೆ ಹಣ ತುಂಬುವ ಗಾಡಿಯಲ್ಲಿ ಗನ್‌ಮ್ಯಾನ್ ಆಗಿ ಸೇರಿದ್ದರು. ಯಾದಗಿರಿಯಿಂದ ಹೊರಟು ಶಹಾಪುರ, ಅಲ್ಲಿಂದ ಸುರಪುರ, ಸಂಜೆಗೆ ಮತ್ತೆ ಯಾದಗಿರಿ. ಲೈಸೆನ್ಸು ಅವರದು, ರಿವಾಲ್ವರೂ ಅವರದೇ. ಅದರ ಒರೆಗೆ ನಮ್ಮ ಕಡೆಯವರು ಕವರ್ ಎನ್ನುತ್ತಾರೆ. ಹಳೆಯ ಕವರಿನ ಹೊಲಿಗೆ ಬಿಚ್ಚಿತ್ತು. ಸೀಟು ಹೊಲಿಯುವವರು ಇದನ್ನೂ ಹೊಲಿದಾರು ಎಂದು ಅವರಿಗೆ ಯಾರೋ ಹೇಳಿದ್ದರಂತೆ.

ಅದು ಮನೆಯೊಳಗೆ ಬರುವ ಮೊದಲು ನಾನೊಂದು ನೇಮ ಮಾಡಿದೆ. ಹಿತ್ತಿಲ ಗೋಡೆಗೆ ಮುಖ ಮಾಡಿ, ಮೂತಿ ನೆಲಕ್ಕಿಟ್ಟು ಗುಂಡು ತೆಗೆಯಬೇಕು, ಗುಂಡು ಕೂಡುವ ಎಲ್ಲ ಮನೆಯೂ ಖಾಲಿ ಇದೆಯೆಂದು ನಮ್ಮ ಮನೆಯವರಿಗೆ ತೋರಿಸಬೇಕು, ಆಮೇಲೆ ಹೊಸ್ತಿಲು. ಭೀಮರಾಯ ಅದನ್ನು ನಾನು ಹೇಳುವ ಮೊದಲೇ ಮಾಡಿ ಮುಗಿಸಿದ್ದರು. ಗುಂಡುಗಳನ್ನು ಒಂದು ಸ್ಟೀಲಿನ ಬಟ್ಟಲಿಗೆ ಹಾಕಿ, ಯಾರ ಕೈಗೂ ಎಟುಕದ ಜಾಗವೆಂದು ದೇವರ ಜಗಲಿಯ ಮೇಲಿಟ್ಟೆ. ನಮ್ಮ ಅತ್ತೆ ಆಗ ಇದ್ದರು. ಸಂಜೆ ದೀಪ ಹಚ್ಚಲು ಹೋದವರು ಬಟ್ಟಲು ಏನೆಂದು ಕೇಳದೆ ಅದರ ಮೇಲೂ ಒಂದು ಹೂವಿಟ್ಟು ಬಂದರು. ಬಡಿಗ್ಯಾರ ಕಡೆಯಿಂದ ಅದೇ ಅಳತೆಯ ಕಟ್ಟಿಗೆಯ ರಿವಾಲ್ವರು ಮಾಡಿಸಿಕೊಂಡ ಮೇಲೆ ನಿಜವಾದದ್ದು ಮನೆಯಲ್ಲಿ ಉಳಿಯುವ ಕಾರಣವೇ ಇರಲಿಲ್ಲ. ರೇಣುಕಾ, ಇದನ್ನು ಮರೆಯಬೇಡ. ಅಳತೆ ಕಟ್ಟಿಗೆಯದಕ್ಕೆ, ಕೊನೆಯಲ್ಲಿ ಒಮ್ಮೆ ಮಾತ್ರ ನಿಜವಾದದ್ದು, ಅದೂ ಖಾಲಿ.

ಅತ್ತೆಯವರಿಗೆ ತಕರಾರಿದ್ದದ್ದು ರಿವಾಲ್ವರಿನ ಬಗ್ಗೆ ಅಲ್ಲ, ತೊಗಲಿನ ಬಗ್ಗೆ. ಅಡುಗೆಮನೆಯ ಹತ್ತಿರ ತೊಗಲು ಬರಬಾರದು ಎಂದರು. ಗುಡಿಯ ನಗಾರಿಯೂ ತೊಗಲಿನದೇ ಎಂದು ನಮ್ಮ ಮನೆಯವರು ಹೇಳಿದರು. ಅತ್ತೆ, ಹಾಗಾದರೆ ನಗಾರಿ ಇರುವ ಕಡೆ, ಅಂದರೆ ಹೊರಗಿನ ಪಡಸಾಲೆಯಲ್ಲಿ ಕೂತು ಹೊಲಿ ಎಂದರು. ಪಡಸಾಲೆಯಲ್ಲಿ ಗಾಳಿ ಚೆನ್ನಾಗಿತ್ತು.

ಮೊದಲ ಒರೆ ನಾನು ಹೊಲಿದದ್ದು ಸೀಟಿನವಳ ಬುದ್ಧಿಯಿಂದ. ನಮ್ಮ ಕಸುಬಿನಲ್ಲಿ ಮೆತ್ತಗಿದ್ದಷ್ಟೂ ಹೆಚ್ಚು ಹೊಗಳಿಕೆ. ಹೀಗಾಗಿ ಮೃದುವಾದ ತೊಗಲು ತಂದು, ಒಳಗೆ ತೆಳ್ಳಗೆ ಸ್ಪಂಜು ಕೊಟ್ಟು, ಅದರ ಮೇಲೆ ಮಖಮಲ್ಲು ಹಚ್ಚಿ, ಸುತ್ತಲೂ ಎರಡೆಳೆ ಹೊಲಿಗೆ ಹಾಕಿದೆ. ನೋಡಲು ಬಾಣಂತಿಯ ಮನೆಯ ತೊಟ್ಟಿಲಿನ ಹಾಗಿತ್ತು. ನಮ್ಮ ಮನೆಯವರು ಅಂಗಡಿಗೆ ಬಂದವರಿಗೆಲ್ಲ ತೋರಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಭೀಮರಾಯ ಮರಳಿ ಬಂದರು. ಸ್ಪಂಜು ಮೈಬೆವರನ್ನೆಲ್ಲ ಕುಡಿದು ಹಿಡಿದುಕೊಂಡು ರಿವಾಲ್ವರಿಗೆ ತುಕ್ಕು ಹತ್ತಿಸಿತ್ತು. ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ರಿವಾಲ್ವರು ಹೊರಗೆ ತೆಗೆದ ಕೂಡಲೇ ಒರೆಯ ಬಾಯಿ ಮುಚ್ಚಿಕೊಳ್ಳುತ್ತಿತ್ತು. ತಿರುಗಿ ಇಡಬೇಕಾದರೆ ಎರಡೂ ಕೈ ಬೇಕು, ಬಾಯಿ ಹುಡುಕುತ್ತ ಕೂಡಬೇಕು. ಮೆತ್ತನೆಯ ತೊಗಲು ಮಡಚಿ ಟ್ರಿಗರಿನೊಳಗೆ ಸಿಕ್ಕಿಕೊಂಡರೆ ಏನಾದೀತೆಂದು ಅವರು ಬಿಡಿಸಿ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ.

"ಅಕ್ಕಾರ, ಗಾದಿ ಬಾಳ ಚಲೋ ಹೊಲದೀರಿ," ಎಂದರು. "ಆದ್ರ ಇದು ಮಲಗಾಕ ಬಂದಿಲ್ರಿ, ನನ್ನ ಕೂಡ ನೌಕ್ರಿಗಿ ಬರತದ."

ಆಗ ಕಲಿತೆ. ಒರೆಯ ತೊಗಲು ದಪ್ಪ ಇರಬೇಕು, ಬಾಯಿ ತಾನಾಗಿಯೇ ತೆರೆದಿರಬೇಕು, ಟ್ರಿಗರಿನ ಜಾಗ ಪೂರ್ತಿ ಮುಚ್ಚಿರಬೇಕು, ಒಳಗೆ ಯಾವ ಮಖಮಲ್ಲೂ ಬೇಡ. ಯಾದಗಿರಿಯಲ್ಲಿ ಸೊಂಟದ ಪಟ್ಟಾ ಮಾಡುವವರ ಕಡೆಯಿಂದ ಗಟ್ಟಿ ತೊಗಲು ತರಿಸಿ ಎರಡನೆಯದನ್ನು ಹೊಲಿದೆ. ಅವರು ನಮ್ಮ ಅಂಗಳದಲ್ಲಿ ಫೌಜಿನವರ ಹಾಗೆ ನೆಟ್ಟಗೆ ನಿಂತರು, ನಾನು ಬಲ ಸೊಂಟಕ್ಕೆ ಅಳತೆ ತೆಗೆದುಕೊಂಡೆ. ನಿಂತವರಿಗೆ ಅದು ಬಹಳ ಒಪ್ಪುತ್ತಿತ್ತು.

ಅವರ ನೌಕರಿ ನಿಲ್ಲುವುದಲ್ಲ, ಗಾಡಿಯಲ್ಲಿ ಕೂಡುವುದು ಎಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಡ್ರೈವರು ಬಲಗಡೆ, ಗನ್‌ಮ್ಯಾನ್ ಅವನ ಎಡಗಡೆ. ಆ ಸೀಟಿನ ಬೆಲ್ಟು ಎಡ ಭುಜದಿಂದ ಇಳಿದು ಬಲ ಸೊಂಟದ ಹತ್ತಿರ ಸಿಕ್ಕುತ್ತದೆ. ಒರೆ ಇದ್ದದ್ದೂ ಅಲ್ಲೇ. ಬೆಲ್ಟು ಹಾಕಿದರೆ ರಿವಾಲ್ವರಿನ ಹಿಡಿಕೆ ಪಕ್ಕೆಗೆ ಒತ್ತುತ್ತದೆ, ಬೆಲ್ಟಿನ ಕೊಂಡಿ ಒರೆಯ ಮೇಲೆ ಕೂತು ಕಿರುಗುಟ್ಟುತ್ತದೆ. ಬೆಲ್ಟು ಬಿಟ್ಟರೆ ಡ್ರೈವರ್ ಖಾಜಾ ಗಾಡಿ ಹೊರಡಿಸುವುದಿಲ್ಲ. ಖಾಜಾ ಶಹಾಪುರದವನೇ, ನಮ್ಮ ಅಂಗಡಿಯ ಹಳೆಯ ಗಿರಾಕಿ, ಸೀಟಿನ ವಿಷಯದಲ್ಲಿ ಬಹಳ ನಾಜೂಕು. ಹೀಗಾಗಿ ಭೀಮರಾಯ ಗಾಡಿ ಹತ್ತಿದ ಕೂಡಲೇ ಒರೆಸಮೇತ ರಿವಾಲ್ವರು ಬಿಚ್ಚಿ ಪಕ್ಕದಲ್ಲಿಟ್ಟುಕೊಳ್ಳತೊಡಗಿದರು. ಒಂದು ದಿನ ಹತ್ತಿಗೂಡೂರು ದಾಟಿದ ಮೇಲೆ ತಗ್ಗಿನಲ್ಲಿ ಗಾಡಿ ಎದ್ದು ಬಿತ್ತು, ಅದು ಜಾರಿ ಖಾಜಾನ ಬ್ರೇಕಿನ ಕೆಳಗೆ ಹೋಯಿತು. ಗಾಡಿ ನಿಂತದ್ದು ದೇವರ ದಯೆ, ಬ್ರೇಕಿನದಲ್ಲ ಎಂದು ಖಾಜಾ ಇವತ್ತಿಗೂ ಹೇಳುತ್ತಾನೆ.

ವಿಷಯ ಯಾದಗಿರಿಯ ಕಚೇರಿಗೆ ಮುಟ್ಟಿತು. ಮೇಲ್ವಿಚಾರಕ ಸಾಹೇಬರು ತಾವೇ ನಮ್ಮ ಅಂಗಡಿಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಇಸ್ತ್ರಿಯ ಗೆರೆ ಕೆಡದ ಹಾಗೆ ಕೂಡುವವರು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಯಾವುದೋ ದೇಶದ ಕಾರಿನಲ್ಲಿ ಒರೆಯನ್ನು ಸೀಟಿನ ಪಕ್ಕಕ್ಕೇ ಸ್ಕ್ರೂ ಹಾಕಿ ಕೂರಿಸಿದ್ದರು. ಹಾಗೆಯೇ ಆಗಬೇಕು, ಕೂತವನಿಗೆ ಒತ್ತುವುದಿಲ್ಲ, ಜಾರುವುದೂ ಇಲ್ಲ ಎಂದರು. ನೋಡಲು ಅಂದವಾಗಿತ್ತು. ನನಗೆ ಒಂದೇ ಒಂದು ಸಂಶಯ ಬಂತು.

"ಸಾಹೇಬ್ರ, ಇವ್ರು ಇಳದಾಗ ಅದೂ ಇಳೀತದೇನ್ರಿ?"

"ಇಳ್ಯಾಗ ತಕ್ಕೊಂಡು ಇಳೀತಾರ, ಅಕ್ಕಾರ. ನೀವು ಹೊಲೀರಿ."

ಹೊಲಿದೆ. ನಮ್ಮ ಮನೆಯವರು ಸ್ಕ್ರೂ ಹಾಕಿದರು. ಕೆಲಸ ಗಟ್ಟಿಯಾಗಿತ್ತು, ಅದರಲ್ಲಿ ಸಂಶಯವಿಲ್ಲ. ಗಾಡಿಗೆ ಎಷ್ಟು ಗಟ್ಟಿ ಕೂತಿತೆಂದರೆ ಅದು ಗಾಡಿಯದೇ ಆಗಿಹೋಯಿತು.

ಕೆಲವು ದಿನ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಶಹಾಪುರದ ಬಸ್‌ಸ್ಟ್ಯಾಂಡಿನ ಮುಂದೆ ಗಾಡಿ ನಿಂತಾಗ ಭೀಮರಾಯ ಮೊದಲು ಇಳಿದರು. ಮೊದಲು ಇಳಿದು ಸುತ್ತಲೂ ನೋಡುವುದೇ ಅವರ ಕೆಲಸ. ಹಣದ ಪೆಟ್ಟಿಗೆ ಇಳಿಯಿತು. ಅಷ್ಟರಲ್ಲಿ ಹಿಂದಿನಿಂದ ಗುರುಮಠಕಲ್ಲಿನ ಬಸ್ಸು ಬಂದು ಹಾರನ್ನು ಒತ್ತಿ ಹಿಡಿಯಿತು, ಖಾಜಾ ಗಾಡಿಯನ್ನು ಮುಂದಕ್ಕೆ ಒಯ್ದ. ಭೀಮರಾಯ ನಡಕ್ಕೆ ಕೈ ಹಾಕಿದರೆ ಅಲ್ಲಿ ಏನೂ ಇಲ್ಲ. ಇನ್ನೊಂದು ಕೈಯಲ್ಲಿದ್ದದ್ದು ನೀರಿನ ಬಾಟಲಿ. ಪೆಟ್ಟಿಗೆ ಬಿಟ್ಟು ಗಾಡಿಯ ಹಿಂದೆ ಓಡುವ ಹಾಗಿಲ್ಲ, ರಿವಾಲ್ವರು ಬಿಟ್ಟು ನಿಲ್ಲುವ ಹಾಗೂ ಇಲ್ಲ. ಅವರು ಬಾಟಲಿ ಹಿಡಿದುಕೊಂಡೇ ಪೆಟ್ಟಿಗೆ ಕಾದರು. ಖಾಜಾ ಮುಂದೆ ಎಲ್ಲೋ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿದ್ದ ಹಾಗೆಯೇ ಇಳಿದು ಪಾನ್ ಕಟ್ಟಿಸುತ್ತಿದ್ದ. ಸೀಟಿನ ಪಕ್ಕದಲ್ಲಿ ಏನಿದೆಯೆಂದು ಆ ಹೊತ್ತಿನಲ್ಲಿ ಯಾರೂ ಬಗ್ಗಿ ನೋಡಲಿಲ್ಲ. ಇದನ್ನು ನಾನು ಕೃಪೆಯ ಲೆಕ್ಕಕ್ಕೇ ಹಾಕುತ್ತೇನೆ.

ಸಾಹೇಬರು ಹಾಗೆ ತಿಳಿಯಲಿಲ್ಲ. ಸೀಟಿಗೆ ಸ್ಕ್ರೂ ಹಾಕಿಸಿದವರು ಯಾರೆಂಬ ಮಾತೇ ಏಳಲಿಲ್ಲ. ಇನ್ನೊಮ್ಮೆ ರಿವಾಲ್ವರು ಮೈ ಬಿಟ್ಟು ಕಂಡರೆ ಕೆಲಸದಿಂದ ತೆಗೆಯುವುದಾಗಿಯೂ, ಲೈಸೆನ್ಸು ರದ್ದು ಮಾಡಲು ಮೇಲಕ್ಕೆ ಬರೆಯುವುದಾಗಿಯೂ ಭೀಮರಾಯರಿಗೆ ಹೇಳಿದರು. ಲೈಸೆನ್ಸು ಹೋದರೆ ಇಂಥ ಕೆಲಸ ಇನ್ನೆಲ್ಲೂ ಸಿಗುವುದಿಲ್ಲ. ಅವರ ಮಗಳು ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಓದು ಇನ್ನೂ ಅರ್ಧದಲ್ಲಿತ್ತು.

ಮರುದಿನ ಭೀಮರಾಯ ಬಂದು, ಸ್ಕ್ರೂ ಬಿಚ್ಚಿದ ಒರೆಯನ್ನು ಮಷೀನಿನ ಮೇಲಿಟ್ಟರು.

"ಅಕ್ಕಾರ, ಈ ಸರ್ತಿ ಏನ್ ಮಾಡತೀರೋ ಮಾಡ್ರಿ. ಅದು ನನ್ನ ಮೈ ಬಿಟ್ಟು ಹೋಗಬಾರದು. ಇದು ಹೋದ್ರ ಮಗಳ ಓದು ಹೋಗತದ, ನಾ ಮನ್ಯಾಗ ಕೂಡತೀನಿ. ನಾ ಮನ್ಯಾಗ ಕೂಡೋದು ಯಾರಿಗೂ ಬೇಕಾಗಿಲ್ರಿ."

ನಮ್ಮ ಮನೆಯವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಂಗಡಿಯೊಳಗಿಂದ ಅದೇ ಜಾತಿಯ ಗಾಡಿಯ ಹಳೆಯ ಸೀಟೊಂದನ್ನು ಎಳೆದು ತಂದು ಅಂಗಳದಲ್ಲಿ ಹಾಕಿ, ಕೂಡಿರಿ ಎಂದರು. ಅವರು ಮಾತು ಕಡಿಮೆಯವರು. ಸೀಟಿಗೆ ಅಳತೆ ಕೊಡಲು ಬಂದ ಯಾವ ಡ್ರೈವರನ್ನೂ ಅವರು ನಿಲ್ಲಿಸಿ ಅಳೆದವರಲ್ಲ. ಇಷ್ಟು ವರ್ಷ ಅದನ್ನು ನೋಡುತ್ತ ಬಂದ ನಾನು ಒರೆಗೆ ಮಾತ್ರ ಮನುಷ್ಯನನ್ನು ನಿಲ್ಲಿಸಿದ್ದೆ. ಭೀಮರಾಯ ಅಂಗಳದ ನಡುವೆ ಸೀಟಿನ ಮೇಲೆ ಕೂತರು. ಬೆಲ್ಟಿನ ಬದಲು ನನ್ನ ಹಳೆಯ ಸೀರೆಯ ಅಂಚನ್ನು ಎಡ ಭುಜದಿಂದ ಬಲ ಸೊಂಟಕ್ಕೆ ಕಟ್ಟಿದೆವು. ಅವರ ಜೊತೆಗೆ ಬಂದಿದ್ದ ಖಾಜಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗೇರು ಹಾಕಿದ ಹಾಗೆ ಕೈ ಆಡಿಸಿದ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮಾಜಿ ಸೈನಿಕರಿಗೆ ಸನ್ಮಾನ ನಡೆದಿದೆಯೇ ಎಂದು ಒಬ್ಬರು ಕೇಳಿದರು.

ಕೂತ ಮೇಲೆ ಎಲ್ಲ ಕಂಡಿತು. ಬಲ ಸೊಂಟದಲ್ಲಿ ಬೆಲ್ಟಿನ ಕೊಂಡಿ ಮತ್ತು ಖಾಜಾನ ಮೊಳಕೈ. ಬೆನ್ನ ಹಿಂದೆ ಸೀಟು. ಕಂಕುಳಲ್ಲಿ ತೂಗುಹಾಕುವುದನ್ನೂ ನೋಡಿದೆವು. ಅದರ ಮೇಲೆ ಭುಜದ ಬೆಲ್ಟು ಬರುತ್ತದೆ, ನಮ್ಮ ಊರಿನ ಬಿಸಿಲಿಗೆ ಅದರ ಮೇಲೊಂದು ಕೋಟು ತೊಡುವವರು ಯಾರು? ಖಾಲಿ ಉಳಿದದ್ದು ಹೊಕ್ಕುಳಿನಿಂದ ಎಡಕ್ಕೆ ಒಂದು ಗೇಣು ಜಾಗ. ಅಲ್ಲಿ ಓರೆಯಾಗಿ ಇಟ್ಟರೆ ಹಿಡಿಕೆ ಬಲಗೈಗೆ ಸಿಗುತ್ತದೆ, ಮೂತಿ ಬಾಗಿಲ ಕಡೆಗೆ ಹೋಗುತ್ತದೆ. ಖಾಜಾ ತನ್ನ ಕಡೆಗೆ ಮೂತಿ ಇಲ್ಲವೆಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

"ಭೀಮಣ್ಣ, ನೀ ಯಾರಿಗಿ ಬೇಕಾದ್ರೂ ಹೊಡಿ," ಎಂದ. "ನನಗ ಗಾಡಿ ಹೊಡೀಲಿಕ್ಕ ಬಿಟ್ರ ಸಾಕು."

ಮೊದಲ ಸಲ ಒರೆಯ ಬಾಲ ಉದ್ದವಾಗಿ, ತೊಡೆಯ ಮೇಲಿನ ಬೆಲ್ಟು ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಬಿಚ್ಚಿ, ಪಟ್ಟಾ ಹಾಯುವ ಕಂಡಿಯನ್ನು ಕೆಳಗಿಳಿಸಿ, ಒರೆ ಮೇಲೆ ಕೂಡುವ ಹಾಗೆ ಮಾಡಿದೆ. ಆ ಕಂಡಿಯನ್ನು ಪಟ್ಟಾದ ಅಗಲಕ್ಕೆ ಸರಿಯಾಗಿ ಬಿಗಿಯಾಗಿಟ್ಟೆ. ಸಡಿಲವಿದ್ದರೆ ಒರೆ ನಡದ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಮೇಲೆ ಒಂದು ಪಟ್ಟಿ, ಅದಕ್ಕೆ ಒತ್ತಿದರೆ ಕೂಡುವ ಟಿಚ್ ಬಟನ್. ಭೀಮರಾಯ ಅಂಗಳದಲ್ಲಿ ಕಟ್ಟಿಗೆಯ ರಿವಾಲ್ವರನ್ನು ಬೇಸರವಾಗುವ ತನಕ ತೆಗೆದು ಇಟ್ಟು ನೋಡಿದರು. ನಿಜವಾದದ್ದರ ಕಟ್ಟಳೆ ಅವರೇ ಹಾಕಿಕೊಂಡರು. ಬೆಳಿಗ್ಗೆ ಗಾಡಿ ಹತ್ತುವ ಮೊದಲು ಕಟ್ಟಿಕೊಳ್ಳುವುದು, ಸಂಜೆ ಇಳಿದು ಕೆಲಸ ಮುಗಿದ ಮೇಲೆ ಬಿಚ್ಚುವುದು, ನಡುವೆ ಗಾಡಿಯೊಳಗೆ ಅದನ್ನು ಮುಟ್ಟುವುದಿಲ್ಲ, ಸರಿಪಡಿಸುವುದೂ ಇಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆವು. ಮಹಾನವಮಿ ಬಂತು. ನಮ್ಮ ಕಡೆ ಅಂದು ಖಂಡೇಪೂಜೆ. ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ದುಡಿಯುವ ಎಲ್ಲದಕ್ಕೂ ಪೂಜೆ. ನಾನು ಕತ್ತರಿ, ಮಷೀನು, ಕಟ್ಟಿಗೆಯ ರಿವಾಲ್ವರು ಮೂರನ್ನೂ ಇಟ್ಟು ಪೂಜೆ ಮಾಡಿದೆ. ಅತ್ತ ಸುರಪುರದಲ್ಲಿ ಭೀಮರಾಯರ ಹೆಂಡತಿ ಶರಣಮ್ಮ ಖಾಲಿ ಒರೆಯನ್ನು ಮಣೆಯ ಮೇಲಿಟ್ಟು, ಕುಡಗೋಲಿಗೆ ಹಚ್ಚುವ ಹಾಗೆಯೇ ಒಳಗೂ ಹೊರಗೂ ಕುಸುಬಿ ಎಣ್ಣೆ ಹಚ್ಚಿದಳು. ಗಂಡನ ನೌಕರಿ ಅದರಿಂದಲೇ ಉಳಿದದ್ದೆಂದು ಕೈ ಬಿಚ್ಚಿ ಹಚ್ಚಿದಳು. ವಾರ ಕಳೆಯುವುದರೊಳಗೆ ಗಟ್ಟಿ ತೊಗಲು ಹೋಳಿಗೆಯಷ್ಟು ಮೆತ್ತಗಾಯಿತು. ಬಾಯಿ ಜೋತುಬಿತ್ತು, ಟಿಚ್ ಬಟನ್ ಹಾಕಿದರೆ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಭೀಮರಾಯ ಅದನ್ನು ದಸ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ತಂದರು. ಹಿಂದೆಯೇ ಶರಣಮ್ಮನೂ ಬಂದಿದ್ದಳು. ನಾನೇನು ಅನ್ನುವೆನೋ ಎಂದು ಬಾಗಿಲಲ್ಲೇ ನಿಂತಳು. ದೇವರಿಗೆ ಮಾಡಿದ್ದನ್ನು ತಪ್ಪೆನ್ನಲು ನಾನು ಯಾರು? ಒಳಗೆ ಕರೆದು ಚಹಾ ಕೊಟ್ಟೆ. ಮುಂದಿನ ವರ್ಷ ಕುಂಕುಮ ಸಾಕು, ಎಣ್ಣೆಯನ್ನು ದೀಪಕ್ಕೆ ಹಾಕು, ಪುಣ್ಯ ಅಷ್ಟೇ ಬರುತ್ತದೆ ಎಂದೆ. ಅವಳು ಒಪ್ಪಿದಳು. ಹಳೆಯದು ಇನ್ನು ರಿಪೇರಿಗೆ ಬಗ್ಗುವಂತಿರಲಿಲ್ಲ. ಅದೇ ಅಳತೆಗೆ ಹೊಸ ತೊಗಲು ಕತ್ತರಿಸಿದೆ, ಈ ಸಲ ಟಿಚ್ ಬಟನ್ನಿನ ಕೆಳಗೆ ಇನ್ನೊಂದು ಪದರು ತೊಗಲು ಕೊಟ್ಟು ಹೊಲಿದೆ. ಅದು ಆಗುವ ತನಕ ಭೀಮರಾಯ ರಜೆ ಹಾಕಿ ಮನೆಯಲ್ಲಿ ಕೂತರು. ಅಂಥ ಒರೆ ಕಟ್ಟಿಕೊಂಡು ಗಾಡಿ ಹತ್ತುವುದಿಲ್ಲ ಎಂದು ಅವರೇ ಹೇಳಿದ್ದರು. ಸಾಹೇಬರು ಫೋನಿನಲ್ಲಿ ಏನೋ ಅಂದರಂತೆ.

ಹೊಸ ಒರೆ ಕಟ್ಟಿಕೊಂಡು ಹೋಗತೊಡಗಿ ಹೆಚ್ಚು ದಿನ ಆಗಿರಲಿಲ್ಲ. ಹತ್ತಿ ಬಿಡಿಸುವ ಕಾಲ. ರಸ್ತೆಯ ಎರಡೂ ಕಡೆ ಹೊರಚಾಚಿದ ಹಾಗೆ ಹತ್ತಿ ಹೇರಿಕೊಂಡು ಟ್ರ್ಯಾಕ್ಟರುಗಳು ಬರುತ್ತವೆ, ಡ್ರೈವರಿಗೆ ಹಿಂದಿನದು ಏನೂ ಕಾಣುವುದಿಲ್ಲ. ಸುರಪುರದ ದಾರಿಯಲ್ಲಿ ಅಂಥದೊಂದು ಎದುರಿಗೆ ತಿರುಗಿತು. ಖಾಜಾ ಎಡಕ್ಕೆ ಎಳೆದ, ಗಾಡಿ ರಸ್ತೆ ಬಿಟ್ಟು ಎರೆಹೊಲಕ್ಕೆ ಇಳಿದು ಎಡಮಗ್ಗುಲಿಗೆ ಮಲಗಿತು. ಹೊಲ ಮೆತ್ತಗಿತ್ತು. ಕಾಲುವೆ ರಸ್ತೆಯ ಇನ್ನೊಂದು ಬದಿಗಿತ್ತು. ಇಂಥವನ್ನು ಎಣಿಸಿಕೊಂಡು ಬದುಕಬೇಕು.

ಒಳಗೆ ಭೀಮರಾಯ ಕೆಳಗಾಗಿದ್ದರು. ಖಾಜಾ ತನ್ನ ಬೆಲ್ಟಿನಲ್ಲಿ ಸಿಕ್ಕು ಅವರ ಮೇಲೆ ಜೋತುಬಿದ್ದಿದ್ದ. ಅಲ್ಲಿ ನಡೆದ ಮಾತನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ಒಂದೇ ತೆರನಾಗಿದ್ದವು.

"ಭೀಮಣ್ಣ, ನಿಂದು ಸಾಮಾನ ಎಲ್ಲದ?"

"ನನ್ನ ಹೊಟ್ಟಿ ಮ್ಯಾಗ ಅದ. ನೀ ಅದರ ಮ್ಯಾಗ ಬೀಳಬ್ಯಾಡ."

ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿಬಂದು ಇಬ್ಬರನ್ನೂ ಹೊರಗೆಳೆದರು. ಭೀಮರಾಯರ ಎಡ ಭುಜದ ಎಲುಬು ಮುರಿದಿತ್ತು. ಖಾಜಾನಿಗೆ ಹಣೆಯಲ್ಲಿ ಗಾಯ. ಪೊಲೀಸರು ಬಂದು ಮೊದಲು ಕೇಳಿದ್ದು ಹಣದ ಪೆಟ್ಟಿಗೆ ಎಲ್ಲಿ, ಎರಡನೆಯದು ರಿವಾಲ್ವರು ಎಲ್ಲಿ. ಹಿಂದಿನ ಪೆಟ್ಟಿಗೆಗೆ ಬೀಗ ಇತ್ತು. ಭೀಮರಾಯ ಅಂಗಿ ಎತ್ತಿ ತೋರಿಸಿದರು. ಒರೆಯ ತುಂಬ ಎರೆಮಣ್ಣು, ಟಿಚ್ ಬಟನ್ ಹಾಕಿದ ಹಾಗೆಯೇ ಇತ್ತು. ಆಂಬುಲೆನ್ಸು ಬಂದರೂ ಅವರು ಹತ್ತಲಿಲ್ಲ. ಪೊಲೀಸ್ ಜಮಾದಾರರನ್ನು ಸಾಕ್ಷಿಗೆ ನಿಲ್ಲಿಸಿಕೊಂಡು, ಜನರನ್ನು ಹಿಂದಕ್ಕೆ ಸರಿಸಿ, ಮೂತಿಯನ್ನು ಹೊಲದ ಮಣ್ಣಿಗೆ ಹಿಡಿದು, ಬಲಗೈ ಒಂದರಿಂದಲೇ ತೆಗೆದು ಗುಂಡುಗಳನ್ನು ಉದುರಿಸಿ ಒಪ್ಪಿಸಿದರು. ಆಮೇಲೆ ಒರೆಯಲ್ಲಿ ಏನೂ ಇಲ್ಲದ್ದನ್ನು ನೋಡಿ ಅಲ್ಲೇ ಎಚ್ಚರ ತಪ್ಪಿದರು.

ಸಾಹೇಬರು ಶಹಾಪುರದ ಆಸ್ಪತ್ರೆಗೆ ಬಂದಾಗ ನಾನೂ ಶರಣಮ್ಮನ ಜೊತೆಗೆ ಅಲ್ಲಿದ್ದೆ. ಅವಳು ಸಾಹೇಬರ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಅವರು ಪೊಲೀಸರ ಕಡೆಯಿಂದ ಎಲ್ಲ ಕೇಳಿಕೊಂಡೇ ಬಂದಿದ್ದರು. ಮಂಚದ ಕೆಳಗಿದ್ದ ಒರೆಯನ್ನು ಎತ್ತಿ, ಮಣ್ಣು ಇಸ್ತ್ರಿಯ ಅಂಗಿಗೆ ಹತ್ತುವುದನ್ನೂ ನೋಡದೆ, ಟಿಚ್ ಬಟನ್ ಬಿಚ್ಚಿದರು, ಹಾಕಿದರು, ಮತ್ತೆ ಬಿಚ್ಚಿದರು.

"ಭುಜ ನೆಟ್ಟಗಾದ ಮ್ಯಾಲ ಬರ್ರಿ," ಎಂದರು ಭೀಮರಾಯರಿಗೆ. "ಜಾಗ ಖಾಲಿ ಇರತದ." ಆಮೇಲೆ ನನ್ನ ಕಡೆ ತಿರುಗಿ, ಉಳಿದ ಗಾಡಿಗಳ ಗನ್‌ಮ್ಯಾನ್‌ಗಳನ್ನೂ ಅಳತೆಗೆ ಕಳಿಸುವುದಾಗಿ ಹೇಳಿದರು. ಕೂಡಿಸಿ ಅಳೆಯುತ್ತೇನೆ ಎಂದೆ. ತಲೆಯಾಡಿಸಿದರು.

ಈಗ ಎಲ್ಲ ಮೊಬೈಲಿನಲ್ಲಿ ತರಿಸಬಹುದು. ಅಚ್ಚಿನಲ್ಲಿ ಹಾಕಿ ತೆಗೆದ ಗಟ್ಟಿ ಪ್ಲಾಸ್ಟಿಕ್ಕಿನ ಒರೆಗಳು ಬರುತ್ತವೆ. ರೇಣುಕಾ ತರಿಸಿ ತೋರಿಸಿದಳು. ಚೆನ್ನಾಗಿವೆ, ಬೆವರು ಕುಡಿಯುವುದಿಲ್ಲ, ಎಣ್ಣೆಗೂ ಬಗ್ಗುವುದಿಲ್ಲ. ಆದರೆ ಒಂದೊಂದು ಅಚ್ಚು ಒಂದೊಂದು ಜಾತಿಯ ಪಿಸ್ತೂಲಿಗೆ. ಹತ್ತಿರದ್ದು ನಡೆದೀತು ಎಂದು ಬೇರೆಯದಕ್ಕೆ ಕೊಡಬಾರದು. ತಂದವರು ಯಾರೇ ಆಗಲಿ, ಅಂಗಳದ ಸೀಟಿನ ಮೇಲೆ ಕೂಡಿಸಿ, ಬೆಲ್ಟು ಹಾಕಿಸಿ, ಕಟ್ಟಿಗೆಯದರಿಂದ ನೋಡಿದ ಮೇಲೆಯೇ ಸರಿ ಎನ್ನಬೇಕು. ಗಾಡಿಗೆ ಹಚ್ಚಿಕೊಡಿ ಎಂದು ಈಗಲೂ ಕೇಳುತ್ತಾರೆ. ಇಲ್ಲ ಎನ್ನಿ, ಚಹಾ ಕುಡಿಸಿ ಕಳಿಸಿ.

ಭೀಮರಾಯರ ಭುಜ ಕೂಡಿತು, ಅವರು ನೌಕರಿಗೆ ಮರಳಿದರು. ಮಗಳ ಓದು ಮುಗಿದು ಯಾದಗಿರಿಯಲ್ಲೇ ಕೆಲಸ ಸಿಕ್ಕಿತು. ಆ ಸಿಹಿ ಹಂಚಲು ಶರಣಮ್ಮ ಬಂದಿದ್ದಳು. ಪೇಢೆಯ ಪೊಟ್ಟಣ ಕೈಗಿಟ್ಟ ಮೇಲೂ ಏಳಲಿಲ್ಲ, ಏನೋ ಹೇಳಬೇಕೆಂದು ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಏನವ್ವ ಎಂದು ಕೇಳಿದೆ.

"ಅಕ್ಕಾರ, ನೀವು ಅದನ್ನ ಬಾಳ ಹಾಯಾಗಿ ಹೊಲದೀರಿ. ರಿವಾಲ್ವರು ಕಪಾಟಿನ್ಯಾಗ ಇಡತಾರ, ಬರೇ ಕವರ್ ಮಾತ್ರ ಬಿಚ್ಚವಲ್ರು. ಉಣ್ಣಾಕ ಕುಂತ್ರೂ ನಡಕ್ಕ ಇರತದ. ಸ್ವಲ್ಪ ಒತ್ತೂ ಹಂಗ ಮಾಡಿಕೊಡ್ರೆವ್ವ."

ಇಷ್ಟು ವರ್ಷದ ಕಸುಬಿನಲ್ಲಿ ಇಂಥ ದೂರು ಇದೊಂದೇ ಬಂದದ್ದು. ನಾನು ಪೇಢೆಯನ್ನು ದೇವರ ಮುಂದಿಟ್ಟು ಬಂದು, ಆಗುವುದಿಲ್ಲ ಎಂದು ಅವಳಿಗೆ ಹೇಳಿದೆ.